ಒಂದೇ ಡಬ್ಬಿಯ ಗ್ರೀಸು

“ಗುರುಗಳೇ, ನನ್ನ ಮಾತಿನಲ್ಲಿ ಕೆಟ್ಟದ್ದೇನಿತ್ತು?” ಎಂದು ಶಿಷ್ಯ ಕೇಳಿದ. “ಸಾವಾದ ಮನೆಗೆ ಹೋದಾಗಲೆಲ್ಲ ನಾನು ಹೇಳುವುದು ಒಂದೇ. ಬಂದವರು ಹೋಗಲೇಬೇಕು, ಅತ್ತು ಫಲವಿಲ್ಲ ಅಂತ. ಎಷ್ಟೋ ಮಂದಿ ಅದನ್ನು ಕೇಳಿ ಕಣ್ಣೊರೆಸಿಕೊಂಡು ಎದ್ದಿದ್ದಾರೆ. ಕೆರೆಯಾಚೆಯ ಆ ತಾಯಿ ಕೂಸನ್ನು ಮಣ್ಣು ಮಾಡಿ ಬಂದ ಹೊತ್ತಿನಲ್ಲೂ ಅದನ್ನೇ ಹೇಳಿದೆ. ಆಕೆ ನನ್ನ ಮುಖ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನವಾಯಿತು, ಒಲೆ ಹೊತ್ತಿಲ್ಲ. ತಟ್ಟಿದರೆ ಓ ಅನ್ನುವುದಿಲ್ಲ. ಅಳುವ ಸದ್ದಾದರೂ ಕೇಳಿಸಬಾರದೆ?”

ಗುರು ಒಂದು ಕತೆ ಹೇಳತೊಡಗಿದರು.

ಒಬ್ಬ ವ್ಯಾನಿನವನಿದ್ದ. ಗಾಡಿಯನ್ನು ಹೆತ್ತ ಮಗುವಿನಂತೆ ನೋಡಿಕೊಳ್ಳುವವನು. ತೊಳೆಯುವುದು, ತಿಕ್ಕುವುದು, ಗ್ರೀಸು ತುಂಬುವುದು ಎಲ್ಲ ತನ್ನ ಕೈಯಿಂದಲೇ ಆಗಬೇಕು. ಅವನ ಹತ್ತಿರ ಒಂದು ಡಬ್ಬಿ ಗ್ರೀಸಿತ್ತು. ಗಾಡಿಯ ಹೊಟ್ಟೆಯ ಕೆಳಗೆ ಅಲ್ಲಾಡುವ ಕೀಲುಗಳಿಗೆಲ್ಲ ಅದನ್ನೇ ತುಂಬುತ್ತಿದ್ದ. ಕೆಸರು ಬಡಿಯಲಿ, ಹಳ್ಳ ದಾಟಲಿ, ಅದು ಕೀಲು ಬಿಡುತ್ತಿರಲಿಲ್ಲ. ಆರು ವರ್ಷ ಆ ಗಾಡಿ ಕಿರ್ ಅನ್ನಲಿಲ್ಲ.

ಒಮ್ಮೆ ಚಕ್ರ ಬಿಚ್ಚಿ ಒಳಗಿನ ಬೇರಿಂಗಿಗೆ ಹೊಸ ಗ್ರೀಸು ತುಂಬುವ ಕಾಲ ಬಂತು. ಅದೇ ಡಬ್ಬಿ ತೆಗೆದ. ಗ್ಯಾರೇಜಿನ ಮೇಸ್ತ್ರಿ ಅದನ್ನು ನೋಡಿದ.

“ಅಣ್ಣಾ, ಅದು ನೀರು ತಡೆಯುತ್ತದೆ, ಬಿಸಿ ತಡೆಯುವುದಿಲ್ಲ. ಚಕ್ರದ ಮಗ್ಗುಲಲ್ಲೇ ಬ್ರೇಕು ಇದೆ. ಕಾದರೆ ತುಪ್ಪದ ಹಾಗೆ ಕರಗಿ ಹರಿದುಹೋದೀತು. ಬಿಸಿ ತಾಳುವ ಗ್ರೀಸೇ ಬೇರೆ, ಅದನ್ನು ಹಾಕು.”

“ಗ್ರೀಸಿಗೂ ಜಾತಿ ಮಾಡಿದೆಯಲ್ಲ ಮಾರಾಯ!” ಎಂದು ವ್ಯಾನಿನವನು ನಕ್ಕ.

“ಮಾಡಿದ್ದು ನಾನಲ್ಲಪ್ಪಾ, ಬಿಸಿ.”

ಅವನು ಕೇಳಲಿಲ್ಲ. ಬಯಲು ದಾರಿಯಲ್ಲಿ ಏನೂ ಆಗಲಿಲ್ಲ. ಒಂದು ತಿಂಗಳು ಕಳೆಯಿತು. ಮೇಸ್ತ್ರಿ ಎದುರು ಸಿಕ್ಕಾಗಲೆಲ್ಲ ವ್ಯಾನಿನವನು ಹಾರ್ನು ಹೊಡೆದು ಚಕ್ರದ ಕಡೆ ಬೆರಳು ತೋರಿಸುತ್ತಿದ್ದ.

ಅವನಿಗೆ ಒಬ್ಬಳೇ ತಂಗಿ. ಚೊಚ್ಚಲ ಬಸಿರು, ಏಳು ತಿಂಗಳು ತುಂಬಿತ್ತು. ತವರಿಗೆ ಕರೆತರಲೆಂದು ಘಟ್ಟದ ಮೇಲಿನ ಊರಿಗೆ ಹೋದ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ. ಕುಲುಕಬಾರದು, ಬೆಚ್ಚಬಾರದು ಎಂದು ಘಟ್ಟವನ್ನು ಮೆಲ್ಲಗೆ ಇಳಿದ. ಮೆಲ್ಲಗೆ ಇಳಿಯಬೇಕೆಂದು ಮಾರು ಮಾರಿಗೂ ಬ್ರೇಕು ಒತ್ತಿದ.

ಘಟ್ಟದ ಮಧ್ಯೆ ಒಂದು ಕಟ್ಟೆಯಿದೆ. ಇಳಿಯುವ ಗಾಡಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ಡ್ರೈವರುಗಳು ಇಳಿದು, ಮಗುವಿನ ಜ್ವರ ನೋಡುವ ಹಾಗೆ, ಚಕ್ರದ ನಡುವಿನ ಗುಂಬಕ್ಕೆ ಹಿಂಗೈ ತಾಗಿಸಿ ನೋಡುತ್ತಾರೆ. ಕಾದಿದ್ದರೆ ಆರುವ ತನಕ ಕೂರುತ್ತಾರೆ.

“ಅಣ್ಣಾ, ಏನೋ ಸುಟ್ಟ ವಾಸನೆ. ಇಲ್ಲಿ ಒಂದು ಗಳಿಗೆ ನಿಲ್ಲಿಸೋ,” ಎಂದಳು ತಂಗಿ.

“ಬ್ರೇಕಿಂದು ಕಣೇ. ಘಟ್ಟ ಅಂದಮೇಲೆ ಇದ್ದದ್ದೇ. ನೀನು ಕಣ್ಣು ಮುಚ್ಚು. ತೆರೆಯುವಷ್ಟರಲ್ಲಿ ಅಮ್ಮನ ಮನೆ.”

ಅವಳು ಕಣ್ಣು ಮುಚ್ಚಿದಳು. ಅವನು ಕಟ್ಟೆ ದಾಟಿದ.

ಮೂರನೆಯ ತಿರುವಿನಲ್ಲಿ ಬೇರಿಂಗು ಬಿಗಿದು ಮುರಿಯಿತು. ಚಕ್ರ ಕಳಚಿಕೊಂಡು ಗಾಡಿಗಿಂತ ಮುಂದೆ ಓಡಿ ಕಣಿವೆಗೆ ಬಿತ್ತು. ಗಾಡಿ ಅದರ ಹಿಂದೆ ಹೋಯಿತು. ಅವನು ಉಳಿದ. ಅವನೊಬ್ಬನೇ ಉಳಿದ.

ತಿಥಿ ಮುಗಿದ ಮರುದಿನ ಆ ಡಬ್ಬಿ ಹಿಡಿದುಕೊಂಡು ಗ್ಯಾರೇಜಿಗೆ ಬಂದ. ಮೇಸ್ತ್ರಿಯ ಮುಂದಿಟ್ಟ.

“ಇದು ಕೆಟ್ಟ ಗ್ರೀಸು ಅಲ್ಲವಾ? ಹೌದು ಅನ್ನಪ್ಪಾ. ಒಂದು ಸಲ ಹೌದು ಅನ್ನು.”

ಮೇಸ್ತ್ರಿ ಬೆರಳಲ್ಲಿ ಒಂದಿಷ್ಟು ತೆಗೆದ. ಹೆಬ್ಬೆರಳಿಗೆ ಒರೆಸಿ ತಿಕ್ಕಿ ನೋಡಿದ. ಸುಳ್ಳು ಹೇಳೋಣ ಅನ್ನಿಸಿತು. ಬಾಯಿ ಬರಲಿಲ್ಲ.

“ಅಲ್ಲ ಅಣ್ಣಾ,” ಎಂದ. “ಒಳ್ಳೆಯದೇ.”

ಗುರು ಕತೆ ನಿಲ್ಲಿಸಿದರು. ಶಿಷ್ಯನ ದನಿ ಇಳಿದಿತ್ತು.

“ಹಾಗಾದರೆ ನನ್ನ ಮಾತು, ಗುರುಗಳೇ?”

“ನಿನ್ನ ಮಾತೂ ಒಳ್ಳೆಯದೇ ಮಗಾ, ಹೇಳುವ ಮೊದಲು ಆ ತಾಯಿಯ ಒಡಲು ಎಷ್ಟು ಕಾದಿದೆ ಅಂತ ಮುಟ್ಟಿ ನೋಡಿದ್ದೆಯಾ?”

ಶಿಷ್ಯ ತನ್ನ ಕೈ ನೋಡಿಕೊಂಡ.