ಮುಟ್ಟಿದವರ ಹೆಸರು

ಆಂಗ್ಲರು ಅಮೆರಿಕಕ್ಕೆ ಹೋಗಿ ಹೊಸದಾಗಿ ಊರು ಕಟ್ಟಿಕೊಂಡಿದ್ದ ಕಾಲ. ದೇವರಿಗಿಂತ ಸೈತಾನನಿಗೇ ಹೆಚ್ಚು ಹೆದರುತ್ತಿದ್ದ ಒಂದು ಊರಿನಲ್ಲಿ ಸೂಲಗಿತ್ತಿ ಮೆಹಿಟಬೆಲ್ ಅಜ್ಜಿಯನ್ನು ಮಾಟಗಾತಿಯೆಂದು ಹಿಡಿದು ತಂದರು. ಅವಳೇ ಮಾಟ ಮಾಡಿದ್ದು ಎಂದು ದೂರು ಕೊಟ್ಟಿದ್ದ ಪೇಷನ್ಸ್ ಎಂಬ ಹುಡುಗಿ ನ್ಯಾಯಾಲಯದ ನೆಲದ ಮೇಲೆ ಮೈ ಸೆಟೆದು ಒದ್ದಾಡುತ್ತಿದ್ದಳು.

"ಮಾಟ ಮಾಡಿದವಳು ಮುಟ್ಟಿದರೆ ಒದ್ದಾಟ ನಿಲ್ಲುತ್ತದೆ. ನಿಂತರೆ ಈ ಮುದುಕಿಗೆ ಗಲ್ಲು," ಎಂದರು ನ್ಯಾಯಾಧೀಶ ವಿದರ್ಬಿ.

ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತ ಎದ್ದ. "ಒಡೆಯರೇ, ಮುದುಕಿಯ ದೃಷ್ಟಿ ತಾಗೀತು. ಹುಡುಗಿಯ ಕಣ್ಣಿಗೆ ಬಟ್ಟೆ ಕಟ್ಟಲೇ?"

"ಒಳ್ಳೆಯ ಮಾತು. ಕಟ್ಟು."

ಗುಮಾಸ್ತ ಕಟ್ಟಿದ. ಹುಡುಗಿ ತಲೆ ಬಡಿದುಕೊಳ್ಳುತ್ತಾಳೆ, ತಾವು ಸ್ವಲ್ಪ ಹಿಡಿಯಬೇಕು ಎಂದು ನ್ಯಾಯಾಧೀಶರ ಕಿವಿಯಲ್ಲಿ ಉಸುರಿದ. ಅವರು ಬಗ್ಗಿದ ಕೂಡಲೇ, "ಮೆಹಿಟಬೆಲ್, ಈಗ ಮುಟ್ಟು," ಎಂದು ಗಟ್ಟಿಯಾಗಿ ಹೇಳಿದ. ಅಜ್ಜಿ ದೂರದ ಮೂಲೆಯಲ್ಲಿ ಬೇಡಿ ಹಾಕಿಸಿಕೊಂಡು ನಿಂತೇ ಇದ್ದಳು.

ನ್ಯಾಯಾಧೀಶರ ಕೈ ಹಣೆಗೆ ತಗುಲಿದ್ದೇ ತಡ, ಒದ್ದಾಟ ನಿಂತಿತು.

"ಇದೇ ಆ ಮಾಟಗಾತಿಯ ಕೈ," ಎಂದಳು ಪೇಷನ್ಸ್.

ಗುಮಾಸ್ತ ಲೇಖನಿಯನ್ನು ಶಾಯಿಯಲ್ಲಿ ಅದ್ದಿದ. "ಮುಟ್ಟಿದವರ ಹೆಸರು ಏನೆಂದು ಬರೆಯಲಿ, ಒಡೆಯರೇ?"

ವಿದರ್ಬಿ ತಮ್ಮ ಕೈಯನ್ನೇ ನೋಡಿಕೊಂಡರು. ಮೆಲ್ಲಗೆ ಅದನ್ನು ನಿಲುವಂಗಿಯೊಳಗೆ ಎಳೆದುಕೊಂಡರು.

"ಏನೂ ಬರೆಯಬೇಡ. ಮುದುಕಿಯನ್ನು ಬಿಟ್ಟುಬಿಡು."

ಗುಮಾಸ್ತ ಬೇಡಿ ಬಿಚ್ಚಿ ಅಜ್ಜಿಯನ್ನು ಬಾಗಿಲ ತನಕ ಕರೆತಂದ. ಅಲ್ಲಿ ಅವಳು ನಿಂತಳು.

"ಹೋದ ಗುರುವಾರ ಇದೇ ಪರೀಕ್ಷೆ ಮಾಡಿ ನನ್ನ ತಂಗಿಯನ್ನು ಗಲ್ಲಿಗೇರಿಸಿದರು. ಅವತ್ತೂ ನೀನೇ ಬರೆಯುತ್ತಾ ಕೂತಿದ್ದೆ. ಈ ಉಪಾಯ ಆಗ ಹೊಳೆಯಲಿಲ್ಲವೇನಪ್ಪಾ?"

"ಹೊಳೆದಿತ್ತಮ್ಮಾ," ಎಂದ ಗುಮಾಸ್ತ ತಲೆ ತಗ್ಗಿಸಿ. "ಬಾಯಿ ಬಿಡುವ ಧೈರ್ಯ ಬರಲಿಲ್ಲ."