ಏಳೆನಬಂಡೆ

ಹೆಮ್ಮಡುವಿನ ಘಟ್ಟದಲ್ಲಿ ಸೇತುವೆ ದಾಟಿದೊಡನೆ ಎಡಕ್ಕೆ, ಹೊಳೆಯ ನಟ್ಟನಡುವೆ ಕಾಣುವ ಕರಿಯ ಬಂಡೆಗೆ ‘ಏಳನೇ ಬಂಡೆ’ ಎಂದು ಫಲಕ ಬರೆಸಿದ್ದಾರೆ. ಬಂದವರು ಉಳಿದ ಆರು ಎಲ್ಲಿ ಎಂದು ಕೇಳುತ್ತಾರೆ. ಆರೂ ಇಲ್ಲ, ಏಳೂ ಇಲ್ಲ, ಅದು ಏಳೆನಬಂಡೆ. ಬಂಡೆಯ ಎರಡೂ ಮಗ್ಗುಲಲ್ಲಿ ನೀರು ನುಗ್ಗಿ ಮಡುವಿಗೆ ಧುಮುಕುತ್ತದೆ. ಆ ಸೆಳೆತದಲ್ಲೇ ಬೆರಳುದ್ದದ ಮೀಸೆಮೀನೊಂದು ಬಾಳುತ್ತದೆ. ಎದೆಯಡಿಯ ಸುಕ್ಕುಚರ್ಮದಿಂದ ಕಲ್ಲನ್ನು ಹಿಡಿದಿರುವುದರಿಂದ ಅದನ್ನು ನಮ್ಮವರು ಕಲ್ಲಂಟ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಕೆಂಚನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಮಗನ ಪಟ್ಟದ ಔತಣಕ್ಕೆ ಮೀನು ಬೇಕೆಂದು, ಹೊಳೆಗೆ ಕಾರೆಕಾಯಿ ಜಜ್ಜಿ ಹಾಕಿ ಮೀನಿಗೆಲ್ಲ ಮತ್ತು ಬರಿಸಿ ಬಾಚಿರೆಂದು ಊರವರಿಗೆ ಅಪ್ಪಣೆಯಾಯಿತು. ಹಿಂದೆ ಕೆಳಗಿನ ಹಳ್ಳಕ್ಕೆ ಹೀಗೇ ಮಾಡಿಸಿದ್ದ. ಮತ್ತೆ ಅಲ್ಲಿ ಮೀನು ಕಂಡವರಿಲ್ಲ. ಆದರೂ ಊರವರು ಹೆದರಿ ಕಾಯಿ ಜಜ್ಜತೊಡಗಿದರು. ಬಿದಿರಿನ ಕೂಳಿಯೊಡ್ಡಿ ಮೀನು ಹಿಡಿದು ಮಕ್ಕಳನ್ನು ಸಾಕುತ್ತಿದ್ದ ದುಗ್ಗಿಯೆಂಬ ವಿಧವೆ ಮಾತ್ರ ಬಂಡೆ ಹತ್ತಿ ಕುಳಿತಳು. “ಇವತ್ತು ನಿಮ್ಮ ಎಲೆಗಾಯಿತು. ನಾಳೆ ನಮ್ಮ ಮಡಕೆಗೇನು, ಬುದ್ಧಿ? ಕಾಯಿ ಹಾಕುವುದಾದರೆ ನಾನಿಲ್ಲೇ ಆ ನೀರು ಕುಡಿದು ಸಾಯುತ್ತೇನೆ” ಎಂದು ದಡದಲ್ಲಿದ್ದ ನಾಯಕನಿಗೆ ಕೂಗಿ ಹೇಳಿದಳು. ಎಳೆತರಲು ಇಳಿದ ಆಳುಗಳು ಪಾಚಿಗೆ ಜಾರಿ ಮಡುವಿಗೆ ಬಿದ್ದು ಈಜಿ ಮೇಲೆ ಬಂದರು. ನಾಯಕನಿಗೆ ಅವಮಾನವಾಯಿತು. ಮೇಲಿನ ಒಡ್ಡು ಒಡೆದು ಅವಳನ್ನು ಕೊಚ್ಚಿಸಿರೆಂದ.

ನೀರಿನ ಮೊರೆತ ಕೇಳಿದಾಗ ದುಗ್ಗಿಗೆ ಓಡಲು ದಾರಿಯಿರಲಿಲ್ಲ. ಹುಟ್ಟಿದಂದಿನಿಂದ ಕಂಡ ಕಲ್ಲಂಟ ನೆನಪಾಯಿತು: ಅದು ನೀರಿನೊಡನೆ ಗುದ್ದಾಡುವುದಿಲ್ಲ, ತಲೆಯನ್ನು ಪ್ರವಾಹಕ್ಕೆ ಕೊಟ್ಟು ಎದೆಯನ್ನು ಕಲ್ಲಿಗೊತ್ತುತ್ತದೆ. ಅವಳು ಹಾಗೆಯೇ ಬೋರಲು ಮಲಗಿ ಬಿರುಕಿಗೆ ಬೆರಳು ತುರುಕಿದಳು. ನೀರು ಮೇಲೆ ಹಾದುಹೋಯಿತು. ದಡದಲ್ಲಿದ್ದವರು ಸತ್ತಳೆಂದೇ ಅತ್ತರು. ನೊರೆ ಇಳಿದಾಗ ಅವಳು ಅಲ್ಲೇ ಇದ್ದಳು. ಉಗುರು ಕಿತ್ತು ರಕ್ತ ಸೋರುತ್ತಿತ್ತು.

“ಏಳು!” ಎಂದು ನಾಯಕ ಕೂಗಿದ.

“ಏಳೆನು” ಎಂದಳು ದುಗ್ಗಿ, ತಲೆಯೆತ್ತದೆ.

ಅದನ್ನು ಕೇಳಿ ಊರವರಿಗೆ ನಾಚಿಕೆಯಾಯಿತು ಎನ್ನುತ್ತಾರೆ. ಜಜ್ಜಿದ ಕಾಯನ್ನು ದಡದ ಬೂದಿಗುಂಡಿಗೆ ಸುರಿದು, ಹಗ್ಗ ಹಿಡಿದು ಒಬ್ಬೊಬ್ಬರಾಗಿ ಬಂಡೆಗೆ ಹೋಗಿ ಅವಳ ಮಗ್ಗುಲಲ್ಲಿ ಕುಳಿತರು. ಇಡೀ ಊರನ್ನು ಕೊಂದು ಯಾರನ್ನು ಆಳುವುದು? ನಾಯಕ ಕುದುರೆ ತಿರುಗಿಸಿದ. ಆ ಔತಣದಲ್ಲಿ ಬಸಳೆ ಸಾರು ಬಡಿಸಿದರಂತೆ.

ಹೊಳೆ ತಿಳಿಯಾದಾಗ ಬಂದರೆ ಬಂಡೆಯ ಬುಡದಲ್ಲಿ ಕಲ್ಲಂಟಗಳು ಸಾಲಾಗಿ ಅಂಟಿರುವುದನ್ನು ಈಗಲೂ ಕಾಣಬಹುದು. ಮೀನು ಹಿಡಿಯಲು ಮಡುವಿಗೆ ಸಿಡಿಮದ್ದು ಹಾಕಲು ಯಾರಾದರೂ ಬಂದರೆ ಊರ ಹೆಂಗಸರು ಬಂಡೆಯ ಮೇಲೆ ಹೋಗಿ ಕೂರುತ್ತಾರೆ. ಹೋದ ಬೇಸಿಗೆಯಲ್ಲಿ ಮದ್ದು ತಂದಿದ್ದ ಜೀಪಿನವರು ದಡದಲ್ಲಿ ಸಂಜೆಯವರೆಗೂ ಕಾದು ಕೂತರು. ಎದ್ದುಹೋದವರು ಅವರೇ.