ಕೆರೆಯ ಕೆಸರಿನ ಇಬ್ಬರು

ಒಂದು ಕೆರೆಯ ತಳದ ಕೆಸರಿನಲ್ಲಿ ಎರಡು ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬಾಳುತ್ತಿದ್ದವು. ಹಿರಿಯದು ಕೊಳೆತ ಎಲೆಯ ಸಾರವನ್ನು ಉಂಡು ಜಲಜನಕವನ್ನು ಹೊರಗೆ ಬಿಡುತ್ತಿತ್ತು. ಕಿರಿಯದು ಆ ಅನಿಲವನ್ನೇ ತಿಂದು ಬದುಕುತ್ತಿತ್ತು.

"ನಿನಗೆ ನಾಚಿಕೆಯಾಗುವುದಿಲ್ಲವೇ?" ಎಂದು ಹಿರಿಯದು ಒಂದು ದಿನ ಕೇಳಿತು. "ದುಡಿಯುವುದು ನಾನು. ನೀನು ನನ್ನ ಎಂಜಲಿಗೆ ಬಾಯೊಡ್ಡಿ ಕೂತಿರುತ್ತೀಯೆ."

"ಬೇರೆ ಊಟ ನನಗೆ ಒಗ್ಗುವುದಿಲ್ಲ, ಅಣ್ಣ" ಎಂದಿತು ಕಿರಿಯದು.

ಅದೇ ವಾರ ನಾಗವೇಣಿ ಎಂಬ ವಿಜ್ಞಾನಿ ಆ ಕೆಸರನ್ನು ಪ್ರಯೋಗಾಲಯಕ್ಕೆ ಒಯ್ದರು. ಉದುರಿದ ಎಲೆಯ ಇಂಗಾಲ ಕೊನೆಗೆ ಎಲ್ಲಿ ಸೇರುತ್ತದೆ ಎಂಬುದು ಅವರ ಹುಡುಕಾಟವಾಗಿತ್ತು. ಎರಡನ್ನೂ ಬೇರ್ಪಡಿಸಿ, ಬೇರೆ ಬೇರೆ ಸೀಸೆಗಳಲ್ಲಿ ಆಹಾರ ಹಾಕಿ ಮುಚ್ಚಿಟ್ಟರು.

"ಪೀಡೆ ತೊಲಗಿತು" ಎಂದು ಹಿರಿಯದು ಹಿಗ್ಗಿತು. ಎರಡು ದಿನ ಹೊಟ್ಟೆ ತುಂಬ ಉಂಡಿತು. ಆದರೆ ಅದು ಬಿಟ್ಟ ಅನಿಲ, ತಿನ್ನುವವರಿಲ್ಲದೆ ಸೀಸೆಯಲ್ಲೇ ತುಂಬಿಕೊಂಡಿತು. ಆ ಅನಿಲದ ಒತ್ತಡಕ್ಕೆ ಮೂರನೆಯ ದಿನದಿಂದ ತಿಂದದ್ದು ಅರಗದಾಯಿತು. ಸುತ್ತಲೂ ಆಹಾರವಿದ್ದರೂ ಅದು ಹಸಿವಿನಿಂದ ಸೊರಗತೊಡಗಿತು.

ನಾಗವೇಣಿ ಸೀಸೆಯನ್ನು ಬೆಳಕಿಗೆ ಹಿಡಿದು, "ಇಷ್ಟು ಊಟ ಹಾಕಿದರೂ ಯಾಕಪ್ಪಾ ಸಾಯುತ್ತಿದ್ದೀಯೆ?" ಎಂದರು. ಬಹಳ ಹೊತ್ತು ಯೋಚಿಸಿ, ಕಿರಿಯದಿದ್ದ ಸೀಸೆಯಿಂದ ಒಂದು ಹನಿ ತೆಗೆದು ಹಿರಿಯದರ ಸೀಸೆಯೊಳಗೆ ಬಿಟ್ಟರು.

ಕಿರಿಯದು ಬಂದದ್ದೇ ಅನಿಲವನ್ನು ಗಬಗಬನೆ ತಿನ್ನತೊಡಗಿತು. ಹಿರಿಯದಕ್ಕೆ ಮೆಲ್ಲಗೆ ಜೀವ ಬಂತು. ಬಹಳ ದಿನಗಳ ಮೇಲೆ ಒಂದು ತುತ್ತು ಅರಗಿತು.

"ನೀನು ತಿಂದರೆ ಮಾತ್ರ ನಾನು ಉಣ್ಣಬಲ್ಲೆ ಎಂದು ಅವತ್ತೇ ಏಕೆ ಹೇಳಲಿಲ್ಲ?" ಎಂದು ಹಿರಿಯದು ತಲೆ ತಗ್ಗಿಸಿ ಕೇಳಿತು.

"ನನಗೆಲ್ಲಿ ಗೊತ್ತಿತ್ತು, ಅಣ್ಣ?" ಎಂದಿತು ಕಿರಿಯದು. "ನನಗೆ ಹಸಿವಾಗಿತ್ತು, ಅಷ್ಟೇ."